ಸೈತಾನನ ಮೊಣಕಾಲು

ನಮ್ಮ ಸಾನ್ ಗಾಸ್ಪರಿನಲ್ಲಿ ಕ್ರಿಸ್ಮಸ್ ಅಂದರೆ ಕುರುಬರ ನಾಟಕ, ಕುರುಬರ ನಾಟಕ ಅಂದರೆ ಸೈತಾನ, ಸೈತಾನ ಅಂದರೆ ಇಲಾರಿಯೋನ್ ತಾತ. ಬೆತ್ಲೆಹೇಮಿಗೆ ಹೊರಟ ಕುರುಬರನ್ನು ದಾರಿಯಲ್ಲಿ ಅಡ್ಡಗಟ್ಟುವ ಸೈತಾನ ನಾಟಕವನ್ನು ನಡುವಿನಲ್ಲೇ ನಿಲ್ಲಿಸಿ ಬೆಂಚುಗಳ ಮಧ್ಯೆ ಇಳಿದು ಬರುತ್ತಿದ್ದ. ಊರಿನವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು, “ನಿನ್ನನ್ನ ನರಕಕ್ಕೆ ಯಾಕೆ ಎಳ್ಕೊಂಡು ಹೋಗ್ತೀನಿ ಗೊತ್ತಾ?” ಎಂದು ಅವರವರ ಹುಳುಕು ಬಯಲಿಗೆ ತರುತ್ತಿದ್ದ. ಹಾಲಿಗೆ ನೀರು ಬೆರೆಸುವ ಎರ್ಮೀನಿಯಾ, ಪೂಜೆಯಲ್ಲಿ ಗೊರಕೆ ಹೊಡೆಯುವ ದೇವಾಲಯದ ಗಂಟೆಯವನು, ಪ್ರಸಂಗ ಮುಗಿಸಲು ಬಾರದ ಫಾದರ್, ಯಾರನ್ನೂ ಬಿಡುತ್ತಿರಲಿಲ್ಲ. ಹೆಸರು ಬಾರದವರೇ ಮುಖ ಊದಿಸಿಕೊಂಡು ಮನೆಗೆ ಹೋಗುತ್ತಿದ್ದರು. ನಾಟಕದ ಕುರುಬರ ಗುಂಪಿನಲ್ಲಿ ಬಹಳ ವರ್ಷ ಇದ್ದವನು ನಾನು. ಆ ನಗು ಕೇಳಿದ್ದೇನೆ. ದೇವಾಲಯದ ಹೆಂಚು ಹಾರಿಹೋಗುತ್ತದೇನೋ ಅನ್ನಿಸುತ್ತಿತ್ತು.

ಆ ವರ್ಷ ಮಾತ್ರ ಊರಲ್ಲಿ ನಗು ಅಡಗಿತ್ತು. ಬೆಟ್ಟದ ಮೇಲಿನ ಹಳೇ ಬಂಗಲೆಗೆ ಹೊಸಬನೊಬ್ಬ ಬಂದಿದ್ದ. ಅವನ ಹೆಸರು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಯಜಮಾನ ಅಂದರೆ ಸಾಕಿತ್ತು. ನಿಂಬೆತೋಟ, ರಸ್ತೆ, ಸಂತೆ ಎಲ್ಲ ಅವನ ಬಂದೂಕಿನವರ ಕೈಗೆ ಹೋಗಿತ್ತು. ಒಂದು ದಿನ ಅವನ ಹೊಸ ಕುದುರೆ ಚೌಕದಲ್ಲಿ ಅವನನ್ನು ಕೆಡವಿದಾಗ ಬ್ರೆಡ್ ಅಂಗಡಿಯ ಫೌಸ್ತೀನೋ ಜೋರಾಗಿ ನಕ್ಕಿದ್ದ. ಆ ಸಂಜೆ ಹೊರಗೆ ಹೋದ ಫೌಸ್ತೀನೋ ತಿರುಗಿ ಬರಲಿಲ್ಲ. ಬಸುರಿ ಹೆಂಡತಿ ಕೊನ್ಸುಯೆಲೋ ಅಂಗಡಿ ತೆರೆದಿಟ್ಟುಕೊಂಡೇ ಕಾದಳು. ಸೆಪ್ಟೆಂಬರಿನಲ್ಲಿ ಗಂಡುಮಗು ಹುಟ್ಟಿತು.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ವಾರ. ಇಲಾರಿಯೋನ್ ತಾತನ ಮನೆಯ ಮುಂಭಾಗವೇ ಅವನ ಕ್ಷೌರದಂಗಡಿ. ಯಜಮಾನನ ಕೈಕೆಳಗಿನ ಲಿಯೋಬಾರ್ದೋ ಬಂದು ಕುರ್ಚಿಯಲ್ಲಿ ಕೂತ. ನಮ್ಮೂರಿನವನೇ. ತೊಡೆಯ ಮೇಲೆ ಪಿಸ್ತೂಲು. ಒಳಗಿನಿಂದ ತಾತನ ಹೆಂಡತಿ ಬ್ರಿಹಿದಾ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಆ ಕಬ್ಬಿಣ ನಮ್ಮನೇಲಿ ಬೇಡ ಅಂತ ಹೇಳಿರಲಿಲ್ವೇನೋ? ನಿನ್ನ ಮೊದಲ ಪರಮಪ್ರಸಾದಕ್ಕೆ ಜಪ ಹೇಳಿಕೊಟ್ಟವಳು ನಾನು.”

“ತಪ್ಪಾಯ್ತು ಟೀಚರ್,” ಎಂದು ಅವನು ಅದನ್ನು ಟವೆಲಿನ ಕೆಳಗೆ ಸರಿಸಿದ.

ತಾತ ನೊರೆ ಹಚ್ಚಿ ಕತ್ತಿ ಮಸೆದ.

“ಈ ಸಲ ನಾಟಕ ಇದೆ ತಾನೇ ತಾತ?”

“ಇದೆಯಪ್ಪ, ದೇವರು ನಡೆಸಿಕೊಟ್ಟರೆ.”

“ಯಜಮಾನರು ಬರ್ತಾರಂತೆ. ತಾಯೀನೂ ಕರ್ಕೊಂಡು. ಮುಂದಿನ ಬೆಂಚು ಬಿಟ್ಟಿಡೋಕೆ ಹೇಳಿದಾರೆ.” ಮತ್ತೆ ಸೇರಿಸಿದ, “ಸೈತಾನ ಊರೋರೆಲ್ಲರ ಹೆಸರೂ ಹೇಳ್ತಾನಂತಲ್ಲ, ನನ್ನ ಬಗ್ಗೆ ಏನು ಹೇಳ್ತಾನೋ ನೋಡೋಣ ಅಂದರು.”

“ನಗ್ತಾ ಅಂದರಾ?”

ಲಿಯೋಬಾರ್ದೋ ಕನ್ನಡಿಯಲ್ಲಿ ತಾತನ ಮುಖ ನೋಡಿದ. “ಅವರ ಮುಖ ನೋಡಿ ಅದನ್ನೆಲ್ಲ ಹೇಳೋಕಾಗಲ್ಲ ತಾತ.”

ಎಂದೂ ತಪ್ಪದ ಕತ್ತಿ ಅಂದು ಜಾರಿತು. ದವಡೆಯ ಕೆಳಗೆ ರಕ್ತದ ಗೆರೆ ಮೂಡಿತು. ಲಿಯೋಬಾರ್ದೋ ತಾನೇ ಒರೆಸಿಕೊಂಡು, “ಪರವಾಗಿಲ್ಲ ಬಿಡಿ,” ಎಂದು ಎದ್ದುಹೋದ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಅಜ್ಜಿ ವಿಷಯ ತೆಗೆದಳು. ನಿಂಬೆ ಗೋದಾಮಿನಲ್ಲಿ ಲಾರಿ ಓಡಿಸುವ ಮಗ ಕ್ರೆಸೆನ್ಸಿಯೋ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಕೆಳಗಿಟ್ಟ.

“ಮುಗೀತು ನಮ್ಮ ಕಥೆ. ಹೆಸರು ಹೇಳಿದರೆ ಫೌಸ್ತೀನೋಗೆ ಆದ ಗತಿ. ಹೇಳದಿದ್ದರೆ ‘ನನ್ನನ್ನ ಊರಿನವನು ಅಂತ ಲೆಕ್ಕಕ್ಕೇ ಇಟ್ಟಿಲ್ಲ’ ಅಂತ ಸಿಟ್ಟು.”

“ಹೊಗಳಿಬಿಡಿ ಮಾವ,” ಎಂದಳು ಸೊಸೆ ಅಂಪಾರೋ. “ರಸ್ತೆ ಹಾಕಿಸಿಕೊಟ್ಟರು, ದೊಡ್ಡ ಮನಸ್ಸು ಅಂತ ನಾಲ್ಕು ಮಾತು.”

“ಸೈತಾನ ಬಂದು ಹೊಗಳಿದರೆ ಅದು ಮರ್ಯಾದೆನಾ ಅಮ್ಮ?” ಎಂದಳು ಮೊಮ್ಮಗಳು ನಿಯೆವೆಸ್. ಹದಿನಾರರ ಹುಡುಗಿ. ಆ ಸಲ ಸೈತಾನನನ್ನು ಮೆಟ್ಟುವ ಮಿಕಾಯೇಲ ದೇವದೂತನ ಪಾತ್ರ ಅವಳದು.

ತಾತನಿಗೆ ನಗು ಬಂತು. ಉಳಿದವರಿಗೆ ಬರಲಿಲ್ಲ.

“ಕಾಯಿಲೆ ಬಿದ್ದುಬಿಡು ಅಪ್ಪ,” ಎಂದ ಕ್ರೆಸೆನ್ಸಿಯೋ. “ಗಂಟಲು ಕಟ್ಟಿದೆ ಅನ್ನು.”

“ಡಾಕ್ಟರನ್ನ ಕಳಿಸ್ತಾನೆ. ನಾನು ಕೆಮ್ಮೋದು ನೋಡೋಕೆ ಅವನೂ ಬರ್ತಾನೆ,” ಎಂದ ತಾತ, ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತ.

ಆಮೇಲೆ ಊರಿನವರು ಒಬ್ಬೊಬ್ಬರಾಗಿ ಅಂಗಡಿ ಬಾಗಿಲಿಗೆ ಬರತೊಡಗಿದರು. ಕ್ಷೌರಕ್ಕಲ್ಲ. ಎರ್ಮೀನಿಯಾ ಹಾಲಿನ ಕ್ಯಾನು ಹೊರಗಿಟ್ಟು ಬಂದು, “ಇಲಾರಿಯೋನ್ ಅಣ್ಣ, ಈ ಸಲ ನನ್ನ ಹೆಸರು ಎತ್ತಬೇಡಿ. ಅವನ ಕಿವಿಗೆ ನನ್ನ ಹೆಸರು ಬೀಳೋದೇ ಬೇಡ,” ಎಂದಳು. ಗಂಟೆಯವನೂ ಅದನ್ನೇ ಅಂದ. ಹೋದ ವರ್ಷ ಹೆಸರು ಬರಲಿಲ್ಲವೆಂದು ಮಾತು ಬಿಟ್ಟಿದ್ದ ದರ್ಜಿಯೂ ಬಂದು ಅದನ್ನೇ ಬೇಡಿಕೊಂಡ. ತಾತ ಎಲ್ಲರಿಗೂ ತಲೆಯಾಡಿಸಿದ. ಅಭ್ಯಾಸಕ್ಕೆ ಹೋದರೆ ಕುರುಬರಾದ ನಾವು ಮಾತು ಮರೆಯುತ್ತಿದ್ದೆವು. ಹೊರಗೆ ಗಾಡಿಯ ಸದ್ದಾದರೆ ಸಾಕು, ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ಶನಿವಾರ ಫಾದರ್ ಅನ್ಸೆಲ್ಮೋ ಊಟಕ್ಕೆ ಬಂದರು. ದಪ್ಪ ಮನುಷ್ಯ, ಊಟವೆಂದರೆ ಪ್ರಾಣ. ಅಂದು ಎರಡನೇ ರೊಟ್ಟಿ ಮುಟ್ಟಲಿಲ್ಲ.

“ನಾಟಕ ನಿಲ್ಲಿಸಿಬಿಡೋಣ ಅಂತಿದ್ದೆ,” ಎಂದರು. “ಆಮೇಲೆ ಯೋಚನೆ ಬಂತು. ಯಾಕೆ ನಿಲ್ಲಿಸಿದಿರಿ ಅಂತ ಕೇಳೋಕೆ ಬರ್ತಾರಲ್ಲ, ಆಗೇನು ಹೇಳೋದು?”

“ಹೋದ ವರ್ಷ ಪ್ರಸಂಗದಲ್ಲಿ ನೀವೇ ಹೇಳಿದ್ರಿ ಫಾದರ್,” ಎಂದಳು ಅಜ್ಜಿ. “ಬಾಲಯೇಸು ಹುಟ್ಟಿದ ದಿನ ಹಲ್ಲುನೋವು ಬಂದೋರ ಹಾಗೆ ಮುಖ ಮಾಡ್ಕೊಂಡು ಬರಬೇಡಿ ಅಂತ.”

“ಹೇಳಿದ್ದೆ ಕಣಮ್ಮ. ಈಗ ನನಗೇ ಹಲ್ಲುನೋವು.”

ಅವರು ಅತ್ತ ಹೋದದ್ದೇ ತಡ, ಕ್ರೆಸೆನ್ಸಿಯೋ ತೀರ್ಮಾನ ಹೇಳಿದ. ಹೆಂಡತಿ ಮಗಳನ್ನು ಕರೆದುಕೊಂಡು ಕೆರೆತಾರೋ ಪಟ್ಟಣದಲ್ಲಿರುವ ನಾದಿನಿಯ ಮನೆಗೆ ಹೋಗುತ್ತಾನೆ. ಅಪ್ಪ ಅಮ್ಮನೂ ಬರಬೇಕು.

“ನಾನು ಬಂದರೆ ಊರೋರಿಗೆ ಉತ್ತರ ಹೇಳೋರು ಯಾರು?” ಎಂದ ತಾತ. “ನೀವು ಹೋಗಿ. ಮಗುವಿನ ಜೀವ ಉಳೀಲಿ.”

“ನಾನು ಹೋಗಲ್ಲ,” ಎಂದಳು ನಿಯೆವೆಸ್. “ತಾತನ್ನ ಒಬ್ಬನ್ನೇ ನಿಲ್ಲಿಸಿ ದೇವದೂತ ಓಡಿಹೋಯ್ತಂತೆ ಅಂತಾರೆ.”

“ಅಂದುಕೊಳ್ಳಲಿ. ಬದುಕಿದ್ರೆ ತಾನೇ ಅನ್ನಿಸ್ಕೊಳ್ಳೋದು? ಬಟ್ಟೆ ತುಂಬ್ಕೋ!” ಎಂದು ಅಂಪಾರೋ ಅವಳ ರಟ್ಟೆ ಹಿಡಿದು ಎಳೆದಳು.

ಬೆಳಗಾಗುತ್ತಲೇ ಗಾಡಿ ಹತ್ತಿ ಹೊರಟರು. ಅಳುತ್ತ ಕೂತ ಹುಡುಗಿ ನಡುವೆ, ಅಪ್ಪ ಅಮ್ಮ ಎರಡೂ ಕಡೆ. ಹೆದ್ದಾರಿ ಸೇರುವ ಕವಲಿನಲ್ಲಿ ರಸ್ತೆಗಡ್ಡವಾಗಿ ಒಂದು ಜೀಪು ನಿಂತಿತ್ತು. ಬಂದೂಕು ಹೆಗಲಿಗೇರಿಸಿದ್ದವನು ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ.

“ಏನಣ್ಣ, ಹಬ್ಬ ಇಟ್ಕೊಂಡು ಎಲ್ಲಿಗೆ?”

“ನಾದಿನಿಗೆ ಹುಷಾರಿಲ್ಲ.”

“ಅಯ್ಯೋ ಪಾಪ. ಹಬ್ಬ ಮುಗಿಸ್ಕೊಂಡು ಹೋಗಿ.” ಅವನು ಬಗ್ಗಿ ಒಳಗೆ ನೋಡಿದ. “ಈ ಹುಡುಗೀನೇ ಅಲ್ವಾ ದೇವದೂತ? ದೇವದೂತ ಇಲ್ದೆ ನಾಟಕ ಹೇಗಾಗುತ್ತೆ?”

ಕ್ರೆಸೆನ್ಸಿಯೋ ಗಾಡಿ ತಿರುಗಿಸಿದ. ಮನೆ ಮುಂದೆ ಇಳಿದಾಗ ಅಜ್ಜಿ ಏನೂ ಕೇಳದೆ ಕಾಫಿಗೆ ನೀರಿಟ್ಟಳು. ಕ್ರೆಸೆನ್ಸಿಯೋ ಕಪ್ಪು ಹಿಡಿಯುವಷ್ಟರಲ್ಲಿ ಸಿಡಿದ.

“ಅವಳ ಪಾತ್ರ ಯಾವುದು ಅಂತಾನೂ ಅವರಿಗೆ ಗೊತ್ತು, ಅಪ್ಪ! ನಿನ್ನ ಒಂದು ಬಾಯಿಚಪಲಕ್ಕೆ ನನ್ನ ಮಗಳು... ಊರು ನಗಿಸಿದ್ದು ಸಾಕಾಗಲಿಲ್ವಾ ನಿನಗೆ?”

“ನಾನೆಲ್ಲಿ ಕರೆದೆ ಅವನನ್ನ?”

“ನೀನು ನಗಿಸ್ತೀಯ ಅಂತಲೇ ಬರ್ತಿರೋದು ಅವನು!”

“ತಾತನ ಮೇಲೆ ಕೂಗಬೇಡಪ್ಪ,” ಎಂದಳು ನಿಯೆವೆಸ್. “ಆ ಜೀಪಿನೋನ ಮುಂದೆ ನಿನ್ನ ಗಂಟಲು ಎಲ್ಲಿತ್ತು?”

ಅಂಪಾರೋ ಮಗಳ ಕೆನ್ನೆಗೆ ಬಾರಿಸಿದಳು. ಆಮೇಲೆ ಅವಳನ್ನೇ ತಬ್ಬಿಕೊಂಡು ಅತ್ತಳು. ಕ್ರೆಸೆನ್ಸಿಯೋ ಹಿತ್ತಲಿಗೆ ಹೋಗಿ ಸೌದೆ ಒಡೆಯತೊಡಗಿದ. ಆ ವಾರವೆಲ್ಲ ಒಡೆದ. ಒಲೆಗೆ ಬೇಕಾದದ್ದಕ್ಕಿಂತ ಹೆಚ್ಚು ಸೌದೆ ಗೋಡೆಗೆ ಒರಗಿ ಬಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಂಗಳದಲ್ಲಿ ಕೂತು ಅಜ್ಜಿ ಸೈತಾನನ ಬಾಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಕೆಂಪು ಅಂಗಿ, ಕೋಡಿನ ಟೋಪಿ, ಮೊಣಕಾಲಿಗೆ ಕಟ್ಟುವ ಗೆಜ್ಜೆಗಳು ಮಣೆಯ ಮೇಲಿದ್ದವು.

“ಏನು ಹೇಳ್ತೀರಿ?”

“ಗೊತ್ತಿಲ್ಲ ಕಣೆ.”

“ನನಗಾದರೂ ಹೇಳಿ ರೀ. ನಾನೇನು ಊರಿಗೆಲ್ಲ ಸಾರ್ತೀನಾ?”

“ಗೊತ್ತಿದ್ದರೆ ಹೇಳಲ್ವಾ? ಬಾಯಿ ತೆಗೆದರೆ ಏನೂ ಬರ್ತಿಲ್ಲ. ನಿನ್ನೆ ಗೆಜ್ಜೆ ಕಟ್ಟಿ ನೋಡಿದೆ. ನಾನು ಸುಮ್ಮನೆ ನಿಂತಿದ್ದೆ, ಅವು ತಾವಾಗೇ ಗಲಗಲ ಅಂತಿದ್ವು.”

ಅಜ್ಜಿ ದಾರ ಹಲ್ಲಿನಿಂದ ಕಡಿದಳು. “ಬಿಚ್ಚಿಡಿ ಹಾಗಾದ್ರೆ.”

“ಗೆಜ್ಜೆ ಇಲ್ಲದ ಸೈತಾನನ್ನ ಎಲ್ಲಿ ನೋಡಿದೀಯೇ? ಆಗ ಇನ್ನೂ ಕೇಳ್ತಾರೆ.”

ಕತ್ತಲಾದ ಮೇಲೆ ಯಾರೂ ಹೊರಬೀಳದ ಕಾಲ, ಹಾಗಾಗಿ ಮಾರನೇ ದಿನ ಬಿಸಿಲಿರುವಾಗಲೇ ನಾಟಕವಿಟ್ಟಿದ್ದರು. ದೇವಾಲಯ ತುಂಬಿತ್ತು. ಬಾರದಿದ್ದರೆ ಯಾಕೆ ಬರಲಿಲ್ಲ ಎಂದಾರೆಂಬ ಭಯಕ್ಕೆ ಎಲ್ಲರೂ ಬಂದಿದ್ದರು. ಯಜಮಾನ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಕಪ್ಪು ಶಾಲು ಹೊದ್ದ ಅವನ ತಾಯಿ ದೋನ್ಯಾ ಪೆರ್ಪೇತುವ, ಕೈಯಲ್ಲಿ ಜಪಮಾಲೆ ಹಿಡಿದ ಪುಟ್ಟ ಮುದುಕಿ. ಅವನ ಆಳುಗಳು ಗೋಡೆಗುಂಟ ನಿಂತರು. ಲಿಯೋಬಾರ್ದೋ ಬಾಗಿಲ ಹತ್ತಿರವಿದ್ದ.

ನಮ್ಮಲ್ಲಿ ಬಾಲಯೇಸುವಿನ ಜಾಗಕ್ಕೆ ಗೋದಲಿಯಲ್ಲಿ ಗೊಂಬೆ ಇಡುವುದಿಲ್ಲ. ಧರ್ಮಕೇಂದ್ರದಲ್ಲಿ ಆ ವರ್ಷ ಕಡೆಯದಾಗಿ ದೀಕ್ಷಾಸ್ನಾನವಾದ ಮಗುವನ್ನು ಮಲಗಿಸುತ್ತೇವೆ. ಆ ಸಲ ಆ ಪಾಳಿ ಫೌಸ್ತೀನೋನ ಮಗುವಿಗೆ ಬಂದಿತ್ತು. ಯಾರೂ ಬೇಕೆಂದು ಆರಿಸಿದ್ದಲ್ಲ. ಕೊನ್ಸುಯೆಲೋ ಮಗುವನ್ನು ತಂದು ಹುಲ್ಲಿನ ಮೇಲೆ ಮಲಗಿಸಿ ಕಂಬದ ಮರೆಗೆ ಹೋಗಿ ನಿಂತಳು. ಅವಳು ನಡೆದು ಹೋಗುವಾಗ ನೆಲ ನೋಡದಿದ್ದವರು ಯಾರೂ ಇರಲಿಲ್ಲ.

ಕುರುಬರು ಹಾಡಿದೆವು. ಸೈತಾನ ನೆಗೆದು ಬಂದ. ನಗಬೇಕಾದಲ್ಲಿ ಯಾರೂ ನಗಲಿಲ್ಲ. ಬೆಂಚುಗಳ ಮಧ್ಯೆ ಇಳಿದ. ಪ್ರತಿ ವರ್ಷ ಕತ್ತು ಉದ್ದ ಮಾಡಿ ಕೂರುತ್ತಿದ್ದ ಜನ ತಲೆ ತಗ್ಗಿಸಿದರು. ಅವನು ಯಾರನ್ನೂ ಕರೆಯದೆ ನಡೆದು ಮುಂದಿನ ಬೆಂಚಿನೆದುರು ಬಂದು ನಿಂತ. ಬಾಯಿ ತೆರೆದ. ಮಾತು ಬರಲಿಲ್ಲ. ಗೆಜ್ಜೆ ಮಾತ್ರ ಗಲಗಲ ಅನ್ನುತ್ತಿತ್ತು. ಆ ಮೌನದಲ್ಲಿ ಅದು ಕೊನೆಯ ಬೆಂಚಿನವರೆಗೂ ಕೇಳಿಸಿತು.

ತಾತ ತಲೆ ಬಗ್ಗಿಸಿ ತನ್ನ ಮೊಣಕಾಲು ನೋಡಿದ.

“ಏಯ್, ನಿಂತ್ಕೊಳ್ಳಿ,” ಎಂದ ಅವುಗಳಿಗೆ.

ನಿಲ್ಲಲಿಲ್ಲ. ಎರಡೂ ಕೈಯಿಂದ ಹಿಡಿದುಕೊಂಡ. ಈಗ ಕೈಯೂ ನಡುಗತೊಡಗಿತು.

“ನಿಲ್ಲಿ ಅಂದ್ರೆ! ಜನ ನೋಡ್ತಿದಾರೆ. ನರಕಕ್ಕೆಲ್ಲ ಒಡೆಯ ನಾನು. ನೀವು ಹೀಗೆ ಕುಣಿದರೆ ನನ್ನ ಮಾನ ಏನಾಗಬೇಕು?”

ಹಿಂದಿನಿಂದ ಕಿಸಕ್ಕನೆ ಒಂದು ಸದ್ದು ಬಂತು. ಎರ್ಮೀನಿಯಾ. ಬಾಯಿಗೆ ಕೈ ಅಡ್ಡ ಹಿಡಿದರೂ ತಡೆಯಲಾಗಿರಲಿಲ್ಲ.

“ನಗ್ತೀಯಾ ತಾಯಿ? ನಗು. ನಿನ್ನ ಹಾಲಿನಲ್ಲಿರೋವಷ್ಟು ನೀರು ಈಗ ನನ್ನ ಹೊಟ್ಟೇಲಿ ಕಲಕ್ತಾ ಇದೆ.”

ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ತಾತ ನೆಟ್ಟಗೆ ನಿಂತ.

“ಯಾಕೆ ನಡುಗ್ತಿದೀನಿ ಅಂತ ಕೇಳಲ್ವಾ? ಈ ದೇವಾಲಯದಲ್ಲಿ ಒಬ್ಬ ಇದಾನೆ. ಅವನ ಮುಂದೆ ನನ್ನ ಆಟ ನಡೆಯಲ್ಲ. ಅವನನ್ನ ಕಂಡರೆ ನನಗೆ ಹೀಗಾಗುತ್ತೆ.”

ನಗು ಕತ್ತರಿಸಿದ ಹಾಗೆ ನಿಂತಿತು. ಗೋಡೆಯ ಬಳಿಯ ಆಳುಗಳು ಮೈ ಸೆಟೆಸಿದರು. ಯಜಮಾನ ಸ್ವಲ್ಪ ಮುಂದೆ ಬಾಗಿದ. ತುಟಿಯ ಕೊನೆಯಲ್ಲಿ ಒಂದು ಕಿರುನಗೆ. ತನ್ನ ಹೆಸರೇ ಬರುತ್ತದೆಂದು ಅವನಿಗೆ ಖಾತ್ರಿಯಾಗಿತ್ತು. ಮರದ ಕತ್ತಿ ಹಿಡಿದ ನಿಯೆವೆಸ್ ಬಿಳುಚಿಕೊಂಡಳು. ಹಿಂದಿನ ಸಾಲಿನಲ್ಲಿ ಕ್ರೆಸೆನ್ಸಿಯೋ ಎದ್ದು ನಿಂತ, ಅಂಪಾರೋ ಅವನ ಅಂಗಿ ಹಿಡಿದಳು.

ತಾತ ಕೈ ಎತ್ತಿ ಬೆರಳು ಚಾಚಿದ. ಬೆರಳು ಮೆಲ್ಲಗೆ ಸರಿಯಿತು. ಯಜಮಾನನ ಎದೆಯ ಮುಂದೆ ಬಂತು. ಅಲ್ಲಿ ನಿಲ್ಲದೆ, ಅವನನ್ನು ದಾಟಿ, ಗೋದಲಿಯ ಮೇಲೆ ನಿಂತಿತು.

“ಇವನು! ಹಲ್ಲಿಲ್ಲ. ಕೂದಲಿಲ್ಲ. ಚಡ್ಡಿ ಒದ್ದೆ. ಕೈಯಲ್ಲಿ ಒಂದು ಕಡ್ಡಿ ಕೂಡ ಇಲ್ಲ. ಕುತ್ತಿಗೆ ನಿಲ್ಲಿಸೋಕೆ ಈಗಷ್ಟೇ ಕಲಿತಿದಾನೆ. ಇವನಿಗೆ ಹೆದರಿ ನಾನು, ನಾನು...”

ಆ ಹೊತ್ತಿಗೆ ಸರಿಯಾಗಿ ಹುಲ್ಲು ಮೂಗಿಗೆ ತಾಗಿ ಮಗು ಸೀನಿತು. ಸೈತಾನ ಕಿಟಾರನೆ ಕಿರುಚಿ, ಹಿಂದಕ್ಕೆ ಹಾರಿ, ತನ್ನ ಬಾಲವನ್ನೇ ತುಳಿದು ದೊಪ್ಪನೆ ಕೂತ.

ಮೊದಲು ನಕ್ಕದ್ದು ದೋನ್ಯಾ ಪೆರ್ಪೇತುವ. ಕೋಳಿ ಕೊಕ್ಕೊಕ್ ಅಂದ ಹಾಗೆ ಒಂದು ನಗು. ಆಮೇಲೆ ಜಪಮಾಲೆ ಕೈಜಾರಿ ಬಿತ್ತು, ಶಾಲು ಜಾರಿತು, ಆಕೆ ಮಗನ ತೋಳು ಹಿಡಿದುಕೊಂಡು ನಕ್ಕಳು. ತಾಯಿಯೇ ನಗುವಾಗ ಇನ್ನು ಯಾರ ಅಪ್ಪಣೆ ಬೇಕು? ಇಡೀ ದೇವಾಲಯ ಒಡೆದುಕೊಂಡು ನಕ್ಕಿತು. ತಿಂಗಳುಗಟ್ಟಲೆ ನುಂಗಿಕೊಂಡಿದ್ದೆಲ್ಲ ಹೊರಬಂತು. ಫಾದರ್ ಅನ್ಸೆಲ್ಮೋ ಪೀಠಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಯಜಮಾನನ ತುಟಿಯ ಕಿರುನಗೆ ಇದ್ದ ಹಾಗೇ ಇತ್ತು. ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ನಾಟಕ ಮುಗಿದಾಗ ಹಂಚಿದ ತಮಾಲೆ ಕಡುಬು ಮುಟ್ಟದೆ, ತಾಯಿಯ ಕೈ ಹಿಡಿದು ಹೊರಟುಹೋದ.

ಮನೆಯಲ್ಲಿ ಹಬ್ಬದೂಟ ಹಾಗೇ ಉಳಿಯಿತು. ಅಂಪಾರೋ ಕಿಟಕಿ ತೆಗೆಯಲಿಲ್ಲ. ಕ್ರೆಸೆನ್ಸಿಯೋ ಕೆಲಸಕ್ಕೆ ಹೋಗಲಿಲ್ಲ, ಕೊಡಲಿಯನ್ನು ಬಾಗಿಲ ಹಿಂದೆ ಇಟ್ಟುಕೊಂಡು ಕೂತ.

“ಹೊಗಳಲಿಲ್ಲ, ಬೈಯಲಿಲ್ಲ. ಅವನನ್ನ ಕಂಡು ಕಾಣದೋನ ಹಾಗೆ ದಾಟಿಹೋದೆ. ಅದೇ ದೊಡ್ಡ ತಪ್ಪು ಅಪ್ಪ,” ಎಂದ.

“ಬೇಕು ಅಂತ ದಾಟಲಿಲ್ಲ ಕಣೋ. ಅವನ ಮುಖ ನೋಡಿದೆ, ಹೆದರಿಕೆ ಆಯ್ತು. ಕೈ ತಾನಾಗೇ ಮಗು ಕಡೆ ಹೋಯ್ತು.”

ವರ್ಷದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಲಿಯೋಬಾರ್ದೋ ಬಂದ. ಅಂಪಾರೋ ಮಗಳನ್ನು ಹಿತ್ತಲ ಸೌದೆಯ ಹಿಂದೆ ಕೂರಿಸಿ ಬಂದಳು. ಅವನು ಪಿಸ್ತೂಲಿಲ್ಲದೆ ಬರಿಗೈಯಲ್ಲಿ ಬಂದಿದ್ದ. ಅಜ್ಜಿ ತಟ್ಟೆ ಹಾಕಿದಳು.

“ಯಜಮಾನರು ಏನೂ ಅಂದಿಲ್ಲ,” ಎಂದ. “ವಾಪಸ್ ಹೋಗ್ತಾ ಗಾಡೀಲಿ ಒಂದೇ ಮಾತು. ‘ಆ ಮುದುಕ ನನ್ನನ್ನ ದಾಟಿಹೋದ’ ಅಂತ.”

ಕ್ರೆಸೆನ್ಸಿಯೋ ಕಣ್ಣು ಮುಚ್ಚಿಕೊಂಡ.

“ಆದರೆ ಅವರ ಅಮ್ಮ ಇದಾರಲ್ಲ. ಚಿಕ್ಕ ಮಗನ್ನ ಮಣ್ಣು ಮಾಡಿದ ಮೇಲೆ ಅವರು ನಕ್ಕಿದ್ದನ್ನ ನಾವು ಯಾರೂ ನೋಡಿರಲಿಲ್ಲ. ಈಗ ದಿನಾ ಊಟಕ್ಕೆ ಕೂತರೆ ಎದ್ದು ನಿಂತು ನಿಮ್ಮ ಹಾಗೆ ಮೊಣಕಾಲು ಹಿಡ್ಕೊಂಡು ತೋರಿಸ್ತಾರೆ. ಅಡುಗೆಯೋಳಿಗೆ, ಕಾವಲಿನೋರಿಗೆ, ಎಲ್ಲರಿಗೂ. ನೆನ್ನೆ ಯಜಮಾನರ ಮೊಣಕಾಲನ್ನೇ ಹಿಡಿದು ಅಲ್ಲಾಡಿಸಿ ‘ನಿಲ್ಲಿ ಅಂದ್ರೆ!’ ಅಂದರು.”

“ಅವನು?”

“ಸುಮ್ಮನಿದ್ರು. ಅಮ್ಮನಿಗೆ ಏನೂ ಅನ್ನಲ್ಲ ಅವರು.” ಲಿಯೋಬಾರ್ದೋ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡ. “ಅಮ್ಮ ನಗ್ತಿರೋವರೆಗೂ ನಿಮ್ಮ ತಂಟೆಗೆ ಬರಲ್ಲ. ಅದಾದ ಮೇಲೆ ಏನೋ, ನನಗೆ ಗೊತ್ತಿಲ್ಲ ಟೀಚರ್.”

ಅಜ್ಜಿ ಶಾಲಿನ ತುದಿಯಿಂದ ಕೈ ಒರೆಸಿಕೊಂಡು ಅವನೆದುರು ಕೂತಳು.

“ಅವರಿಗೆ ವಯಸ್ಸೆಷ್ಟು?”

“ಎಂಬತ್ತು ದಾಟಿದೆ.”

“ಬಿಪಿ?”

“ಇದೆ.”

“ಶುಗರ್?”

“ಅದೂ ಇದೆ.”

ತಾತ ಬಾಯಿಗೆ ಕೈ ಅಡ್ಡ ಹಿಡಿದ. ಹೆಗಲು ಕುಲುಕಿತು. ಅಂಪಾರೋ ಅಳುತ್ತಿದ್ದವಳು ಅಳುತ್ತಲೇ ನಕ್ಕಳು. ಕ್ರೆಸೆನ್ಸಿಯೋ, “ನಾವೆಲ್ಲ ಒಂದು ಮುದುಕಿಯ ಬಿಪಿ ಮೇಲೆ ಬದುಕಿದೀವಾ?” ಎಂದವನು ಮಾತು ಮುಗಿಸಲಾಗದೆ ಮೇಜಿನ ಮೇಲೆ ತಲೆಯಿಟ್ಟ. ಲಿಯೋಬಾರ್ದೋ ಒಮ್ಮೆ ಬಾಗಿಲ ಕಡೆ ನೋಡಿ ತಾನೂ ನಕ್ಕ.

“ಹಲ್ಲು ಕಿಸೀಬೇಡಿ, ನಾನು ನಿಜವಾಗಿ ಕೇಳ್ತಿದೀನಿ,” ಎಂದು ಅಜ್ಜಿ ಗದರಿದಳು. “ಉಪ್ಪು ಎಷ್ಟು ತಿಂತಾರೆ?”

ಅಂದಿನಿಂದ ವಾರಕ್ಕೊಮ್ಮೆ ಉಪ್ಪು ಕಡಿಮೆ ಹಾಕಿದ ಕೋಳಿಸಾರು ಬೆಟ್ಟ ಹತ್ತತೊಡಗಿತು. ಒಯ್ಯುವವನು ಕ್ರೆಸೆನ್ಸಿಯೋ. ವಾಪಸ್ಸು ಬಂದವನನ್ನು ಹೆಂಡತಿ, ಅಪ್ಪ, ಮಗಳು ಒಟ್ಟಿಗೇ ಕೇಳುತ್ತಾರೆ, “ಹೇಗಿದಾರೆ?” ಎಂದು.

ಊರಿಗೆ ವಿಷಯ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಜನವರಿ ಆರರ ಮೂರು ರಾಯರ ಹಬ್ಬದ ಪೂಜೆಗೆ ದೋನ್ಯಾ ಪೆರ್ಪೇತುವ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಮಗ ಬಂದಿರಲಿಲ್ಲ, ಆಳುಗಳು ಬಾಗಿಲಲ್ಲಿದ್ದರು. ಫಾದರ್ ಅನ್ಸೆಲ್ಮೋ ಜಗದ್ಗುರು ಪೋಪರಿಗಾಗಿ, ಮಳೆಬೆಳೆಗಾಗಿ, ಕಾಣೆಯಾದವರಿಗಾಗಿ ಪ್ರಾರ್ಥಿಸಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಅಂದರು:

“ನಮ್ಮ ಪ್ರೀತಿಯ ದೋನ್ಯಾ ಪೆರ್ಪೇತುವ ಅವರ ಆರೋಗ್ಯಕ್ಕಾಗಿ, ದೀರ್ಘಾಯುಷ್ಯಕ್ಕಾಗಿ, ಪ್ರಭುವಿನಲ್ಲಿ ಬೇಡೋಣ.”

“ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು!”

ಹಾಗೆ ಒಕ್ಕೊರಲಿನಿಂದ ನಾವು ಯಾರಿಗಾಗಿಯೂ ಪ್ರಾರ್ಥಿಸಿದ್ದಿಲ್ಲ. ಕಿಟಕಿಯ ಗಾಜು ಅದುರಿತು. ಎರ್ಮೀನಿಯಾ ತುಟಿ ಕಚ್ಚಿಕೊಂಡಳು, ಗಂಟೆಯವನು ಟೋಪಿಯಿಂದ ಮುಖ ಮುಚ್ಚಿಕೊಂಡ, ಬೆಂಚಿನುದ್ದಕ್ಕೂ ಹೆಗಲುಗಳು ಕುಲುಕಿದವು. ಕೊನ್ಸುಯೆಲೋ ಮಾತ್ರ ನಗಲಿಲ್ಲ. ಮಗುವನ್ನು ಎದೆಗವಚಿಕೊಂಡು ಅವಳೂ ಪ್ರಾರ್ಥನೆ ಹೇಳಿದಳು. ಮುದುಕಿ ಹಿಂದಿರುಗಿ ನೋಡಿ, ಊರಿನವರ ಪ್ರೀತಿಗೆ ಕಣ್ಣು ತುಂಬಿಕೊಂಡಳು. ಪ್ರೀತಿ ಇರಲಿಲ್ಲ ಅಂತ ನಾನು ಹೇಳಲಾರೆ.

ಅಷ್ಟರಲ್ಲಿ ಆಕೆಗೆ ಕೆಮ್ಮು ಬಂತು. ಒಂದು ಸಲ, ಮತ್ತೆ ಇನ್ನೊಂದು ಸಲ.

ನಗು ಅಲ್ಲಲ್ಲೇ ನಿಂತಿತು. ಫಾದರ್ ಕೈಯೆತ್ತಿದವರು ಹಾಗೇ ನಿಂತರು. ಬ್ರಿಹಿದಾ ಅಜ್ಜಿ ಆಗಲೇ ತನ್ನ ಶಾಲು ಬಿಚ್ಚಿಕೊಂಡು ಮುಂದಿನ ಬೆಂಚಿನ ಕಡೆ ಹೊರಟಿದ್ದಳು.